ಕೋಟೆ ನೋಡಿ ಹೋಗುತ್ತಾರೆ, ಪೇಟೆಗೆ ಯಾರೂ ಇಳಿಯುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಚಿತ್ರದುರ್ಗದಲ್ಲಿ ಮೂವತ್ತೊಂದು ವರ್ಷದಿಂದ ಮಂಡಕ್ಕಿ, ಮೆಣಸಿನಕಾಯಿ ಅಂಗಡಿ ನಡೆಸುತ್ತಿದ್ದೇನೆ. ಬೆಳಗ್ಗೆ ನಿಮ್ಮ ಪತ್ರಿಕೆ ಓದುತ್ತೇನೆ. ಸಂಜೆ ಅದರಲ್ಲೇ ಮೆಣಸಿನಕಾಯಿ ಕಟ್ಟಿ ಕೊಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ದುರ್ಗಕ್ಕೆ ಬಂದವರು ಎರಡು ಗಂಟೆ ಕೋಟೆ ನೋಡಿ ಹೊರಟುಬಿಡುತ್ತಾರೆ, ರೋಪ್‌ವೇ ಹಾಕಿ, ದೊಡ್ಡ ಹೋಟೆಲ್ ಕಟ್ಟಿ, ಆಗ ನಿಲ್ಲುತ್ತಾರೆ ಅಂತ. ರೋಗ ಅವರು ಹೇಳಿದ್ದೇ. ಮದ್ದು ಮಾತ್ರ ಬೇರೆ ಇದೆ ಅಂತ ನನ್ನ ಅನಿಸಿಕೆ. ಆ ಮದ್ದನ್ನು ನಾನು ಕಣ್ಣಾರೆ ನೋಡಿ ಬಂದಿದ್ದೇನೆ, ಅದೂ ಸಮುದ್ರದ ಆಚೆ.

ನನ್ನ ಮಗಳು, ಅಳಿಯ ಇಟಲಿಯ ಮಿಲಾನಿನಲ್ಲಿ ಕೆಲಸಕ್ಕಿದ್ದಾರೆ. ಹೋದ ಏಪ್ರಿಲ್‌ನಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡರು. ಅಂಗಡಿ ಒಂದು ತಿಂಗಳು ಮುಚ್ಚಿದ್ದು ಅದೇ ಮೊದಲು. ಅಲ್ಲಿಂದ ನಾಲ್ಕು ದಿನಕ್ಕೆ ಸಿಸಿಲಿ ಅನ್ನೋ ದ್ವೀಪದ ಪಲೆರ್ಮೊ ಊರಿಗೆ ಕರೆದುಕೊಂಡು ಹೋದರು. ಎರಡನೇ ದಿನ ಬೆಳಗ್ಗೆ ಮಗಳು, "ಅಪ್ಪಾ, ಇವತ್ತು ನಡ್ಕೊಂಡು ತಿನ್ನೋ ಕಾರ್ಯಕ್ರಮ. ತಿಂಡಿ ತಿನ್ನಬೇಡಿ" ಅಂದಳು. ದುಡ್ಡು ಎಷ್ಟು ಕೊಟ್ಟಳು ಅಂತ ಹೇಳಲಿಲ್ಲ. ಹೇಳಿದ್ದರೆ ನಾನು ಬರುತ್ತಿರಲಿಲ್ಲ ಅಂತ ಅವಳಿಗೆ ಗೊತ್ತು.

ಟಿಯಾಟ್ರೊ ಮಾಸ್ಸಿಮೊ ಅನ್ನೋ ದೊಡ್ಡ ರಂಗಮಂದಿರದ ಮೆಟ್ಟಿಲ ಹತ್ತಿರ ಹತ್ತು ಗಂಟೆಗೆ ಸೇರಿದೆವು. 1897ರಲ್ಲಿ ಬಾಗಿಲು ತೆರೆದದ್ದಂತೆ. ಒಟ್ಟು ಹನ್ನೊಂದು ಜನ. ಕರೆದುಕೊಂಡು ಹೋಗುವವಳು ಮೂವತ್ತರ ಒಳಗಿನ ಹುಡುಗಿ, ಆ ಊರಿನವಳೇ. ಕೈಯಲ್ಲಿ ಬಾವುಟ ಇಲ್ಲ, ಮೈಕ್ ಇಲ್ಲ. ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಮಗಳು ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಾವು ಲಿಂಗಾಯತರು, ಮಾಂಸ ಮೊಟ್ಟೆ ಇಲ್ಲ ಅಂತ ಮೊದಲೇ ತಿಳಿಸಿದ್ದರು. ದನದ ಗುಲ್ಮ ಬೇಯಿಸಿ ಬ್ರೆಡ್ಡಿನಲ್ಲಿ ತುಂಬಿ ಕೊಡುವ ಅಂಗಡಿ ಬಂದಾಗ ಅವಳೇ ನಮ್ಮನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದಳು. ನಮ್ಮ ಮನೆಯವರು ಅಷ್ಟಕ್ಕೇ ಅವಳನ್ನು ಒಪ್ಪಿಕೊಂಡುಬಿಟ್ಟರು.

ಮೊದಲು ಹೋದದ್ದು ಕಾಪೊ ಅನ್ನೋ ಸಂತೆಗೆ. ಕಿರಿದಾದ ಬೀದಿ, ಮೇಲೆ ಬಣ್ಣದ ಬಟ್ಟೆಯ ಚಪ್ಪರ, ಎರಡೂ ಕಡೆ ತರಕಾರಿ, ಹಣ್ಣು, ಮೀನು. ಕೂಗು ಅಂದ್ರೆ ಕೂಗು! ವ್ಯಾಪಾರಿಗಳು ರಾಗವಾಗಿ ಕೂಗುವುದಕ್ಕೆ ಅಲ್ಲಿ ಒಂದು ಹೆಸರೇ ಇದೆ, ಅಬ್ಬನ್ನಿಯಾತಾ ಅಂತ. ಭಾಷೆ ತಿಳಿಯದಿದ್ದರೂ ಏನು ಕೂಗುತ್ತಾರೆ ಅಂತ ನನಗೆ ತಿಳಿಯಿತು. ಸಂತೆಯವರ ಭಾಷೆ ಎಲ್ಲ ಕಡೆ ಒಂದೇ ಅಲ್ವಾ.

ಅಲ್ಲೊಂದು ಅಂಗಡಿ ಮುಂದೆ ಹುಡುಗಿ ನಿಂತಳು. ಅಂಗಡಿ ಅಂದರೆ ಒಂದು ಹಲಗೆ, ಒಂದು ಬಾಣಲೆ. ನನಗೆ ಮೂಗಿಗೆ ಬಡಿದದ್ದು ಕಡಲೆ ಹಿಟ್ಟಿನ ವಾಸನೆ. ಮೂರು ಸಾವಿರ ಮೈಲಿಗಿಂತ ಜಾಸ್ತಿ ದೂರ ಬಂದು ನನ್ನ ಅಂಗಡಿ ಮುಂದೆಯೇ ನಿಂತ ಹಾಗಾಯಿತು.

ಅದರ ಹೆಸರು ಪಾನೆಲ್ಲೆ. ಕಡಲೆ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸುತ್ತಾರೆ. ಉಪ್ಪು ಹಾಕಿ ಒಲೆ ಮೇಲಿಟ್ಟು ಕೈ ಬಿಡದೆ ತಿರುವುತ್ತಾರೆ. ನಮ್ಮಲ್ಲಿ ಮುದ್ದೆ ತಿರುವುತ್ತೀವಲ್ಲ, ಹಾಗೆ. ಗಟ್ಟಿಯಾದ ಮೇಲೆ ಕೊತ್ತಂಬರಿ ಥರದ ಒಂದು ಸೊಪ್ಪು ಹಾಕಿ, ತೆಳ್ಳಗೆ ಬಳಿದು ಆರಲು ಬಿಡುತ್ತಾರೆ. ಆರಿದ್ದನ್ನು ಕತ್ತರಿಸಿ ಎಣ್ಣೆಗೆ ಬಿಡುತ್ತಾರೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ನಾಲ್ಕೈದು ತುಂಡನ್ನು ಎಳ್ಳು ಮೆತ್ತಿದ ಬ್ರೆಡ್ಡಿನೊಳಗೆ ಇಟ್ಟು ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಖಾರ ಇಲ್ಲ. ಅದೊಂದೇ ಕೊರತೆ. ಒಂದು ಚಿಟಿಕೆ ಓಂ ಕಾಳು ಬಿದ್ದಿದ್ದರೆ ಹೊಟ್ಟೆಗೂ ಒಳ್ಳೇದಿತ್ತು.

ಅದೇ ಬಾಣಲೆಯಲ್ಲಿ ಬೇರೇನು ಕರಿಯುತ್ತಾರೆ ಅಂತ ನಮ್ಮ ಮನೆಯವರು ಕೇಳಿಸಿದರು. ಆಲೂಗಡ್ಡೆಯ ಉಂಡೆ ಮಾತ್ರ ಅಂತ ಉತ್ತರ ಬಂತು. ಆಮೇಲೆ ತಿಂದರು.

ಕರಿಯುವವನು ನನ್ನ ವಯಸ್ಸಿನವನೇ. ನಾನು ಅವನ ಮುಂಗೈ ನೋಡಿದೆ. ಎಣ್ಣೆ ಸಿಡಿದ ಕಪ್ಪು ಚುಕ್ಕೆಗಳು. ಶರಟಿನ ತೋಳು ಮೇಲೇರಿಸಿ ನನ್ನ ಮುಂಗೈ ತೋರಿಸಿದೆ. ಅವನು ಸೌಟು ಬಿಟ್ಟು ಜೋರಾಗಿ ನಕ್ಕ. ಹುಡುಗಿ ಏನು ಅಂತ ಕೇಳಿದಳು, ಮಗಳು ಹೇಳಿದಳು, ಅವಳು ಉಳಿದವರಿಗೆಲ್ಲ ಹೇಳಿದಳು. ಎಲ್ಲರೂ ನಮ್ಮಿಬ್ಬರ ಕೈ ನೋಡಿದರು. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯನ್ನು ಯಾರೂ ಹಾಗೆ ನೋಡಿರಲಿಲ್ಲ, ಸ್ವಾಮಿ.

ಆಮೇಲೆ ಹುಡುಗಿ ಕತೆ ಶುರು ಮಾಡಿದಳು. ಅದೇ ಹಲಗೆಯ ಪಕ್ಕ ನಿಂತು, ನಮ್ಮ ಬಾಯಲ್ಲಿ ಪಾನೆಲ್ಲೆ ಇರುವಾಗಲೇ. ಪಲೆರ್ಮೊವನ್ನು 831ರಲ್ಲಿ ಅರಬರು ಗೆದ್ದರು. 1072ರಲ್ಲಿ ಉತ್ತರದಿಂದ ಬಂದ ನಾರ್ಮನ್ನರು ಅವರಿಂದ ಕಿತ್ತುಕೊಂಡರು. ದೊರೆ ಬದಲಾದರೂ ಬಾಯಿ ರುಚಿ ಬದಲಾಗಲಿಲ್ಲ. ಕಬ್ಬು, ಬದನೆ, ನಿಂಬೆ, ಕಿತ್ತಳೆ ಎಲ್ಲ ಅರಬರ ಜೊತೆ ಬಂದು ಅಲ್ಲೇ ಉಳಿದವು. ಬ್ರೆಡ್ಡಿನ ಮೇಲಿನ ಎಳ್ಳಿಗೆ ಈಗಲೂ ಅಲ್ಲಿನವರು ಹೇಳೋದು ಅರಬ್ಬಿ ಮೂಲದ ಹೆಸರೇ. ಪಾನೆಲ್ಲೆಯೂ ಆ ಕಾಲದ್ದೇ ಅಂತ ಊರಿನವರ ನಂಬಿಕೆ.

ಸಕ್ಕರೆಗೆ ಇಟಲಿಯವರು ಜುಕ್ಕೆರೊ ಅನ್ನುತ್ತಾರೆ, ಅದು ಅರಬ್ಬಿಯ ಸುಕ್ಕರ್ ಅಂತ ಅವಳು ಹೇಳಿದಳು. ನಾನು ಸುಮ್ನೆ ಇರಲಾಗದೆ, "ಅದು ನಮ್ಮ ಸಕ್ಕರೆ ಅಂತ ಹೇಳಮ್ಮ" ಅಂದೆ. ಮಗಳು ಫೋನಿನಲ್ಲಿ ಹುಡುಕಿದಳು. ಸಂಸ್ಕೃತದ ಶರ್ಕರಾ ಪರ್ಷಿಯಾಕ್ಕೆ ಹೋಗಿ, ಅರಬರ ಬಾಯಿಗೆ ಬಿದ್ದು, ಅಲ್ಲಿಗೆ ಮುಟ್ಟಿದ್ದು ನಿಜ. ಅಕ್ಕಿಯ ಉಂಡೆ ಕರಿದು ಮಾಡುವ ಅರಾಂಚಿನಾ ಅನ್ನೋ ತಿಂಡಿಯೂ ಹಾಗೇ. ಆ ಹೆಸರಿನ ಅರ್ಥ ಸಣ್ಣ ಕಿತ್ತಳೆ. ಅದರ ಬೇರು ಹುಡುಕಿದರೆ ನಮ್ಮ ನಾರಂಗಿ! ಅಕ್ಕಿ ನಮ್ಮದು, ಹೆಸರೂ ನಮ್ಮದು, ಕರಿದವರು ಮಾತ್ರ ಅವರು. ನಾವು ತಿಂದದ್ದು ಸೊಪ್ಪು ತುಂಬಿದ್ದು. ಅದಕ್ಕೊಂದು ದಿನವೂ ಇದೆ. ಡಿಸೆಂಬರ್ 13, ಸಂತ ಲೂಚಿಯಾಳ ಹಬ್ಬ. 1646ರಲ್ಲಿ ಬರ ಬಿದ್ದಾಗ ಗೋಧಿ ತುಂಬಿದ ಹಡಗು ಬಂದು ಊರು ಉಳಿಯಿತಂತೆ. ಬೀಸುವಷ್ಟು ತಾಳ್ಮೆ ಇಲ್ಲದೆ ಜನ ಗೋಧಿಯನ್ನು ಇಡಿಯಾಗಿ ಬೇಯಿಸಿ ತಿಂದರಂತೆ. ಅದರ ನೆನಪಿಗೆ ಆ ದಿನ ಪಲೆರ್ಮೊದವರು ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ, ಅರಾಂಚಿನಾ ತಿನ್ನುತ್ತಾರೆ.

ಅಲ್ಲಿಂದ ದೊಡ್ಡ ಚರ್ಚು. 1185ರಲ್ಲಿ ಕಟ್ಟಿದ್ದು. ಅದಕ್ಕೂ ಮೊದಲು ಅದೇ ಜಾಗದಲ್ಲಿ ಮಸೀದಿ ಇತ್ತು, ಮಸೀದಿಗೂ ಮೊದಲು ಚರ್ಚೇ ಇತ್ತು. ಬಾಗಿಲ ಪಕ್ಕದ ಒಂದು ಕಂಬದ ಮೇಲೆ ಕುರಾನಿನ ಸಾಲು ಕೆತ್ತಿದ್ದು ಈಗಲೂ ಹಾಗೇ ಇದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಅವಳು ತೋರಿಸಿದ್ದು ಆ ಒಂದು ಕಂಬ ಮಾತ್ರ. ಉಳಿದದ್ದನ್ನು ನೀವೇ ನೋಡಿಕೊಳ್ಳಿ ಅಂತ ಹದಿನೈದು ನಿಮಿಷ ಬಿಟ್ಟಳು. ಇದು ನನಗೆ ತುಂಬಾ ಹಿಡಿಸಿತು. ನಮ್ಮ ಕಡೆ ಗೈಡುಗಳು ಕಂಡ ಕಲ್ಲಿಗೆಲ್ಲ ಒಂದು ಇಸವಿ ಹೇಳುತ್ತಾರೆ. ಕೆಳಗಿಳಿಯುವ ಹೊತ್ತಿಗೆ ಒಂದೂ ನೆನಪಿರುವುದಿಲ್ಲ.

ನಾಲ್ಕು ಮೂಲೆಯ ಚೌಕ, ಬೆತ್ತಲೆ ಬೊಂಬೆಗಳ ಕಾರಂಜಿ ಇವೆಲ್ಲ ದಾಟಿ ಬಲ್ಲರೊ ಅನ್ನೋ ಇನ್ನೊಂದು ಸಂತೆಗೆ ಬಂದೆವು. ಅಲ್ಲಿ ಕಪೊನಾತಾ ತಿಂದೆವು. ಬದನೆಕಾಯಿ ಕರಿದು, ವಿನೆಗರ್, ಸಕ್ಕರೆ, ಆಲಿವ್ ಹಾಕಿ ಮಾಡಿದ್ದು. ನಮ್ಮ ಮನೆಯವರು ಒಂದು ತುತ್ತು ಬಾಯಿಗಿಟ್ಟು, "ಇದು ಗೊಜ್ಜು ಕಣ್ರೀ, ಹುಣಸೆಹಣ್ಣು ಒಂದಿಲ್ಲ" ಅಂದರು. ಕೊನೆಗೆ ಕನ್ನೋಲಿ ಅನ್ನೋ ಸಿಹಿ. ಕರಿದ ಕೊಳವೆ ಬೇರೆ ಇಟ್ಟಿರುತ್ತಾರೆ, ಕೇಳಿದ ಮೇಲೆ ಒಳಗೆ ಸಿಹಿ ಕೆನೆ ಥರದ್ದನ್ನು ತುಂಬುತ್ತಾರೆ. ಮೊದಲೇ ತುಂಬಿದರೆ ಮೆತ್ತಗಾಗುತ್ತದೆ. ಮಂಡಕ್ಕಿಯೂ ಹಾಗೇ. ಗಿರಾಕಿ ಎದುರಿಗೆ ನಿಂತ ಮೇಲೇ ಕಲಸಬೇಕು. ಇದನ್ನು ನನ್ನ ಅಂಗಡಿ ಹುಡುಗನಿಗೆ ಎಷ್ಟು ಸಲ ಹೇಳಿದ್ದೇನೋ.

ಕೆಲವು ಅಂಗಡಿ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿದ್ದರು. ಏನು ಅಂತ ಕೇಳಿದೆ. ಅಲ್ಲಿ ಮಾಫಿಯಾದವರು ಅಂಗಡಿಗಳಿಂದ ವಸೂಲಿ ಮಾಡುತ್ತಿದ್ದರು, ಅದಕ್ಕೆ ಪಿಜ್ಜೊ ಅಂತ ಹೆಸರು. 2004ರಲ್ಲಿ ಕೆಲವು ಹುಡುಗರು ಅದರ ವಿರುದ್ಧ ಊರೆಲ್ಲ ಚೀಟಿ ಅಂಟಿಸಿದರು, ಅದ್ದಿಯೊಪಿಜ್ಜೊ ಅನ್ನೋ ಚಳವಳಿ ಶುರುವಾಯಿತು. ಆ ಚೀಟಿ ಇದ್ದರೆ "ನಾವು ಕೊಡುವುದಿಲ್ಲ" ಅಂತ ಅರ್ಥ. ಗುಂಪಿನಲ್ಲಿ ಬೇರೆಯವರು ಇದನ್ನು ಕೇಳಿ ಮುಂದೆ ಹೋದರು. ನಾನು ಎರಡು ನಿಮಿಷ ಅಲ್ಲೇ ನಿಂತೆ. ಅಂಗಡಿ ಇಟ್ಟವನಿಗೆ ಅದು ಬೇರೆ ಥರ ಕೇಳಿಸುತ್ತದೆ.

ಅಲ್ಲಿ ಎಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಬಲ್ಲರೊ ಹಿಂದಿನ ಬೀದಿಗಳಲ್ಲಿ ಕಸದ ರಾಶಿ ನಮ್ಮೂರಿಗಿಂತ ಜಾಸ್ತಿಯೇ ಇತ್ತು. ಗೋಡೆಗಳ ಗಾರೆ ಉದುರಿದೆ. ಸ್ಕೂಟರಿನವರು ಮೈಮೇಲೇ ಬರುತ್ತಾರೆ. 1943ರಲ್ಲಿ ಯುದ್ಧದ ಬಾಂಬು ಬಿದ್ದ ಕಟ್ಟಡಗಳು ಎಷ್ಟೋ ವರ್ಷ ಹಾಗೇ ಬಿದ್ದಿದ್ದವಂತೆ. ಅಂಥ ಬೀದಿಯಲ್ಲೇ ಅವಳು ನಮ್ಮನ್ನು ನಡೆಸಿದಳು, ಮುಚ್ಚಿಡಲಿಲ್ಲ. ಆದ್ದರಿಂದ "ಮೊದಲು ಊರು ಕ್ಲೀನ್ ಆಗಲಿ, ಆಮೇಲೆ ಪ್ರವಾಸಿಗರು" ಅನ್ನೋ ಮಾತನ್ನು ಇನ್ನು ನನ್ನ ಹತ್ತಿರ ಯಾರೂ ಹೇಳಬೇಡಿ.

ಮೂರೂವರೆ ಗಂಟೆಯಲ್ಲಿ ನಾವು ನಡೆದದ್ದು ಎರಡು ಮೂರು ಕಿಲೋಮೀಟರ್ ಇರಬಹುದು. ನಿಂತದ್ದು ಆರು ಅಂಗಡಿ. ಆರೂ ಕಡೆ ಹುಡುಗಿ ದುಡ್ಡು ಕೊಟ್ಟಳು, ಚೌಕಾಸಿ ಮಾಡಲಿಲ್ಲ. ಅಂಗಡಿಯವರು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ತಲೆಗೆ ಹೊಕ್ಕಿದ್ದು ಇದು. ಕತೆ ಚರ್ಚಿನದ್ದಾದರೂ ಕಾಸು ಬೀಳುತ್ತಿದ್ದದ್ದು ಬಾಣಲೆ ಪಕ್ಕದ ಹಲಗೆ ಮೇಲೆ.

ಈಗ ದುರ್ಗಕ್ಕೆ ಬರೋಣ.

ಹೋದ ಡಿಸೆಂಬರಿನಲ್ಲಿ ಒಂದು ಟೂರಿಸ್ಟ್ ಬಸ್ಸು ಕೆಟ್ಟು ನಮ್ಮ ಬೀದಿಯ ತುದಿಯಲ್ಲಿ ನಿಂತಿತ್ತು. ಇಬ್ಬರು ಹೆಂಗಸರು ವಾಸನೆ ಹಿಡಿದು ನನ್ನ ಅಂಗಡಿ ಕಡೆ ಬಂದರು. ಅವರನ್ನು ಕರೆತಂದಿದ್ದವನು ಹಿಂದಿನಿಂದ ಓಡಿ ಬಂದು, "ಮೇಡಂ, ಇಲ್ಲೆಲ್ಲ ತಿನ್ನಬೇಡಿ, ಹೊಟ್ಟೆ ಕೆಡುತ್ತೆ. ಹೈವೇಲಿ ಒಳ್ಳೆ ಹೋಟೆಲ್ ಇದೆ" ಅಂದ. ನಾನು ಹಿಟ್ಟಿನಲ್ಲಿ ಕೈ ಅದ್ದಿಕೊಂಡು ನಿಂತಿದ್ದೆ. ಅವನ ಹೆಸರು, ಕಂಪನಿ ಹೇಳಲ್ಲ. ಅವನೊಬ್ಬನೇ ಅಂಥವನಲ್ಲ.

ಆದರೆ ಅವನ ಮಾತಿನಲ್ಲಿ ಒಂದು ಪಾಲು ನಿಜವೂ ಇತ್ತು. ಬಿಸಿ ಎಣ್ಣೆ ಸೋರುವ ಬಜ್ಜಿಯನ್ನು ಅಚ್ಚು ಮಸಿಯ ಕಾಗದದಲ್ಲಿ ಕಟ್ಟಬೇಡಿ ಅಂತ ಆಹಾರ ಸುರಕ್ಷತೆಯವರು ಹೇಳುತ್ತಲೇ ಇದ್ದಾರೆ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಪಲೆರ್ಮೊದಿಂದ ಬಂದ ಮೇಲೆ ಖಾಲಿ ಕಾಗದ, ಮುತ್ತುಗದ ಎಲೆ ತರಿಸುತ್ತಿದ್ದೇನೆ. ಖರ್ಚು ಸ್ವಲ್ಪ ಜಾಸ್ತಿ. ನಿಮ್ಮ ಪತ್ರಿಕೆ ಈಗ ರದ್ದಿಗೆ ಹೋಗುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಕತೆಗೆ ಬರವೇ? ದುರ್ಗದ ಎಲ್ಲಕ್ಕಿಂತ ದೊಡ್ಡ ಕತೆ ಶುರುವಾಗುವುದೇ ಊಟದ ನಡುವೆ. ಕಾವಲುಗಾರ ಮುದ್ದಹನುಮ ಉಣ್ಣಲು ಕೂತಿದ್ದ. ಓಬವ್ವ ನೀರು ತರಲು ಹೋದಳು. ಕಿಂಡಿಯಲ್ಲಿ ಹೈದರಾಲಿಯ ಸಿಪಾಯಿಗಳು ನುಸುಳುವುದು ಕಂಡಿತು. ಕೈಗೆ ಸಿಕ್ಕಿದ್ದು ಕತ್ತಿಯಲ್ಲ, ಭತ್ತ ಕುಟ್ಟುವ ಒನಕೆ. ಗಂಡನ ತುತ್ತಿಗೆ ಅಡ್ಡಿ ಮಾಡಬಾರದು ಅಂತ ಒಬ್ಬಳೇ ನಿಂತಳು. ಇದನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಹೇಳಿ ಮುಗಿದ ಮೇಲೆ ಆ ಜನ ಉಣ್ಣುವುದು ಎಲ್ಲಿ? ಹೈವೇಯಲ್ಲಿ, ಗೋಬಿ ಮಂಚೂರಿ.

ಕೋಟೆಯೊಳಗೇ ಎಣ್ಣೆ ಕೊಳ ಇದೆ, ಸಿಡಿಮದ್ದು ಬೀಸುತ್ತಿದ್ದ ದೊಡ್ಡ ಬೀಸುಕಲ್ಲುಗಳಿವೆ, ಕಣಜಗಳಿವೆ, ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಇವೆ. 1779ರಲ್ಲಿ ಮದಕರಿ ನಾಯಕರಿಂದ ಕೋಟೆ ಹೈದರಾಲಿಯ ಕೈಗೆ ಹೋಯಿತು. ಅದಕ್ಕೂ ಮೊದಲು ಎಷ್ಟೋ ಮುತ್ತಿಗೆಗಳನ್ನು ತಡೆದ ಈ ಕೋಟೆಯಲ್ಲಿ ಜನ ಏನು ತಿಂದು ಬದುಕಿದರು, ನೀರು ಹೇಗೆ ಹಿಡಿದಿಟ್ಟರು ಅಂತ ಆ ಕೊಳ, ಕಣಜಗಳ ಪಕ್ಕ ನಿಂತು ಒಬ್ಬರು ನಿಧಾನಕ್ಕೆ ಹೇಳಿದರೆ ಸಾಕು. ಆಮೇಲೆ ಕೆಳಗೆ ಇಳಿಸಿ. ರಂಗಯ್ಯನ ಬಾಗಿಲು, ಆನೆ ಬಾಗಿಲು, ಸಂತೆ ಹೊಂಡ, ದೊಡ್ಡಪೇಟೆ, ಚಿಕ್ಕಪೇಟೆ ಎಲ್ಲ ಕಾಲಳತೆಯಲ್ಲೇ ಇವೆ. ಚಳ್ಳಕೆರೆ ಕಡೆಯ ಶೇಂಗಾ ಎಣ್ಣೆ ಕೊಳ್ಳುವ ಅಂಗಡಿ ಮುಂದೆ ಎರಡು ನಿಮಿಷ ನಿಲ್ಲಿಸಿ. ಚಳ್ಳಕೆರೆಗೆ ಎಣ್ಣೆ ನಗರ ಅಂತ ಯಾಕೆ ಹೆಸರು ಬಂತು ಅಂತ ಹೇಳಿ. ಮನೆಯಲ್ಲಿ ಮುದ್ದೆ ಮಾಡಿ ಬಡಿಸುವ ಹೆಂಗಸರಿದ್ದಾರೆ, ಅವರ ಹತ್ತಿರ ಕೂರಿಸಿ. ರಾಗಿ ಕೈಯಲ್ಲಿ ಮುರಿದು, ಅಗಿಯದೆ ನುಂಗುವುದನ್ನು ಕಲಿಸಿ. ಅದಕ್ಕೇ ಅರ್ಧ ಗಂಟೆ ಬೇಕು, ನಗು ಬೇರೆ.

ಪಕ್ಕದ ದಾವಣಗೆರೆಯವರು ಬುದ್ಧಿವಂತರು. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದವರು. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಒಬ್ಬ ತಾಯಿ 1928ರಲ್ಲಿ ನಾಟಕದ ಥಿಯೇಟರಿನ ಹತ್ತಿರ ದೋಸೆ ಹಾಕಲು ಶುರು ಮಾಡಿದರು, ಮೊದಲು ರಾಗಿ ದೋಸೆ, ಬೆಣ್ಣೆ ಆಮೇಲೆ ಬಂತು ಅಂತ ಅಲ್ಲಿ ಹೇಳುತ್ತಾರೆ. ಆ ಒಂದು ಕತೆ, ಒಂದು ಹೆಂಚು, ಇವತ್ತು ಬೆಂಗಳೂರಿನ ಬೀದಿ ಬೀದಿಯಲ್ಲಿ ದಾವಣಗೆರೆ ಅಂತ ಬೋರ್ಡು. ನಮ್ಮ ದುರ್ಗದ ಹೆಸರು ಹೇಳಿ ಒಂದು ಪೊಟ್ಟಣ ಮಂಡಕ್ಕಿಯನ್ನೂ ಯಾರೂ ಮಾರುತ್ತಿಲ್ಲ.

ಚಂದ್ರವಳ್ಳಿಯ ವಿಷಯ ಹೇಳದಿದ್ದರೆ ಈ ಪತ್ರ ಪೂರ್ತಿಯಾಗುವುದಿಲ್ಲ. ನಾವು ಶ್ರಾವಣದಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ಕದಂಬರ ಮಯೂರವರ್ಮನ ಶಾಸನ ಇರುವುದು ಅಲ್ಲೇ. 1929ರಲ್ಲಿ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದರು. ರೋಮನ್ನರ ಬೆಳ್ಳಿ ನಾಣ್ಯ ಸಿಕ್ಕಿವೆ, ಅಗಸ್ಟಸ್ ಚಕ್ರವರ್ತಿಯದ್ದೂ ಸೇರಿ. ಪಲೆರ್ಮೊದಲ್ಲಿ ಅವಳು ಅಗಸ್ಟಸ್ ಹೆಸರು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಆ ಊರೂ ಅವನ ರಾಜ್ಯದ್ದೇ. ಅವನ ಮುಖ ಅಚ್ಚಾದ ದುಡ್ಡು ಎರಡು ಸಾವಿರ ವರ್ಷದ ಹಿಂದೆ ನಮ್ಮ ಗುಡ್ಡದ ಮಗ್ಗುಲಿಗೆ ಬಂದಿತ್ತು. ಯಾರೋ ಏನೋ ಕೊಂಡಿರಬೇಕಲ್ಲ. ಆಗಿನವರು ದುರ್ಗಕ್ಕೆ ಬಂದು ದುಡ್ಡು ಬಿಟ್ಟು ಹೋದರು, ಈಗಿನವರು ನೀರಿನ ಬಾಟಲಿ ಬಿಟ್ಟು ಹೋಗುತ್ತಾರೆ.

ನಾನು ಕೇಳುವುದು ದೊಡ್ಡದಲ್ಲ. ಕೋಟೆಯಲ್ಲಿ ಈಗಾಗಲೇ ಇರುವ ಗೈಡುಗಳಲ್ಲಿ ನಾಲ್ಕು ಜನರನ್ನು, ಇತಿಹಾಸ ಓದಿ ಕೆಲಸವಿಲ್ಲದೆ ಇರುವ ಹುಡುಗ ಹುಡುಗಿಯರಲ್ಲಿ ನಾಲ್ಕು ಜನರನ್ನು ಪ್ರವಾಸೋದ್ಯಮದವರು ಒಂದು ತಿಂಗಳು ಪೇಟೆ ಸುತ್ತಿಸಲಿ. ನಮ್ಮಂಥ ಅಂಗಡಿಯವರ ಜೊತೆ ಕೂರಿಸಲಿ. ಗುಂಪಿಗೆ ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ, ಬೀದಿ ಹಿಡಿಸುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಬೇಡ, ಕನ್ನಡದಲ್ಲೂ ಇರಲಿ. ಹುಬ್ಬಳ್ಳಿ, ಮೈಸೂರಿನಿಂದ ಬರುವವರು ನಮ್ಮವರೇ. ಫೀಸು ಎಷ್ಟು ಅಂತ ಬೋರ್ಡು ಹಾಕಿ, ತಿಂಡಿಯ ದುಡ್ಡು ಅದರಲ್ಲೇ ಸೇರಿರಲಿ, ಅಂಗಡಿಯವನಿಗೆ ಅಂದೇ ಕೊಡಲಿ. ದೊಡ್ಡಪೇಟೆ ಹತ್ತಿರ ಹೆಂಗಸರಿಗೆ ಒಂದು ಶೌಚಾಲಯ ಬೇಕು, ಬೀಗ ಹಾಕದ್ದು. ರೋಪ್‌ವೇಗೆ ಆಗುವ ಖರ್ಚಿನ ಮುಂದೆ ಇದು ಉಪ್ಪಿನಕಾಯಿ.

ಮೊನ್ನೆ ಮಗಳು ಫೋನಿನಲ್ಲಿ ಒಂದು ಫೋಟೊ ಕಳಿಸಿದಳು. ನಾನು, ಆ ಪಾನೆಲ್ಲೆಯವನು, ಇಬ್ಬರೂ ಮುಂಗೈ ತೋರಿಸಿಕೊಂಡು ನಿಂತಿದ್ದೇವೆ. ಅಂಗಡಿಯಲ್ಲಿ ಹಾಕಿದ್ದೇನೆ. ದಿನಕ್ಕೆ ಹತ್ತು ಜನ ಇವನ್ಯಾರು ಅಂತ ಕೇಳುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಪ್ಲೇಟು ಮೆಣಸಿನಕಾಯಿ ಹೇಳಿರುತ್ತಾರೆ.

ನಮ್ಮ ಅಂಗಡಿ ಸಂಜೆ ನಾಲ್ಕರಿಂದ ಎಂಟೂವರೆ. ಸೋಮವಾರ ರಜೆ. ಹನ್ನೆರಡು ಜನದ ಗುಂಪು ಬರುತ್ತದೆ ಅಂತ ಹಿಂದಿನ ದಿನ ತಿಳಿಸಿದರೆ ಸೋಮವಾರವೂ ಬಾಣಲೆ ಇಡುತ್ತೇನೆ.

ಇಂತಿ,
ಮಂಡಕ್ಕಿ ಅಂಗಡಿಯವನು,
ದೊಡ್ಡಪೇಟೆ ಹತ್ತಿರ, ಚಿತ್ರದುರ್ಗ